ಗಾಜಿನ ಬಾಗಿಲ ಆಚೆ ಬದಿ

ಕೋಚ್ ಹೆಂಡತಿ ಎಂದರೆ ಜನ ಏನೇನೋ ಊಹಿಸಿಕೊಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ಕುರ್ಚಿ, ಕೈಕುಲುಕಲು ನಾಲ್ಕು ಜನ, ವಿಮಾನ, ಹೋಟೆಲು. ನನ್ನ ಪಾಲಿಗೆ ಬಂದದ್ದು ಒದ್ದೆ ಜೆರ್ಸಿ. ಈ ದೇಶಕ್ಕೆ ಬಂದ ಮೊದಲ ತಿಂಗಳಲ್ಲೇ ಕ್ಲಬ್ಬಿನ ವಾಷಿಂಗ್ ಮಷೀನು ಕೆಟ್ಟಿತು. ರಿಪೇರಿ ಆಗುವವರೆಗೆ ನೀವೇ ಸ್ವಲ್ಪ ಸುಧಾರಿಸಿಕೊಳ್ಳಿ ಎಂದು ಮ್ಯಾನೇಜರು ಹಲ್ಲು ಗಿಂಜಿದ. ಆ ರಿಪೇರಿ ಆಗಲೇ ಇಲ್ಲ. ಇಡೀ ತಂಡದ ಬೆವರು ನಮ್ಮ ಬಚ್ಚಲಲ್ಲಿ ತೊಳೆಸಿಕೊಂಡು ನಮ್ಮ ಬಾಲ್ಕನಿಯಲ್ಲಿ ಒಣಗುತ್ತಿತ್ತು. ಒಂದೊಂದು ಜೆರ್ಸಿಯೂ ಬೆಡ್‌ಶೀಟಿನಷ್ಟು ಉದ್ದ. ಹಿಂಡಿ ಹಿಂಡಿ ನನ್ನ ಮಣಿಕಟ್ಟು ಬಿದ್ದುಹೋಗಿತ್ತು.

ಈ ಮಣಿಕಟ್ಟಿಗೂ ಒಂದು ಕಾಲದಲ್ಲಿ ಬೆಲೆ ಇತ್ತು ಎಂದರೆ ಯಾರು ನಂಬುತ್ತಾರೆ? ನಾನೂ ಬಾಸ್ಕೆಟ್‌ಬಾಲ್ ಆಡಿದವಳೇ. ಇವರು, ಅಂದರೆ ನನ್ನ ಗಂಡ, ಆಡುತ್ತಿದ್ದ ಕ್ಲಬ್ಬಿನ ಹುಡುಗಿಯರ ತಂಡದಲ್ಲಿದ್ದೆ. ಇಬ್ಬರಿಗೂ ಕಲಿಸಿದವರು ಒಬ್ಬರೇ ಮೇಷ್ಟ್ರು. ನನ್ನ ಆಟ ನಿಂತ ಮೇಲೆ ಮೇಷ್ಟ್ರು ಹುಡುಗಿಯರ ತಂಡವನ್ನು ನನ್ನ ಕೈಗೇ ಕೊಟ್ಟರು. ಒಂದು ಸೀಸನ್ ಕಲಿಸಿದೆ, ಚೆನ್ನಾಗಿಯೇ ಕಲಿಸಿದೆ. ಅಷ್ಟರಲ್ಲಿ ಇವರಿಗೆ ಹೊರದೇಶದ ಕ್ಲಬ್ಬಿನಿಂದ ಕರೆ ಬಂತು. ಸೀಟಿಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟು ಇವರ ಹಿಂದೆ ಹೊರಟೆ.

ಕೋರ್ಟಿನಲ್ಲಿ ಇವರ ಹೆಸರು ಎಡಚ. ಎಡಗೈಯಲ್ಲಿ ಚೆಂಡು ಹಿಡಿದು ಬುಟ್ಟಿಯ ಎಡಗಡೆಯಿಂದ ನುಗ್ಗಿದರೆಂದರೆ ಮುಗಿಯಿತು, ಜನ ಎದ್ದುನಿಂತು ಎಡಚ ಎಡಚ ಎಂದು ಕೂಗುತ್ತಿದ್ದರು. ಸುಳ್ಳೇಕೆ, ನಾನೂ ಕೂಗಿದ್ದೇನೆ. ಹೊರದೇಶದಲ್ಲಿ ಕೆಲವು ವರ್ಷ ಸಂಬಳಕ್ಕೆ ಆಡಿದರು. ಆಮೇಲೆ ಮಂಡಿ ಕೈಕೊಟ್ಟಿತು. ಆಡಲು ಆಗದವರು ಇನ್ನೇನು ಮಾಡುತ್ತಾರೆ, ಕೋಚ್ ಆದರು. ಒಂದು ದೇಶದ ಕ್ಲಬ್ಬಿನವರು ಸೀಸನ್ ಮುಗಿಯುವ ಮೊದಲೇ ಕೈಮುಗಿದು ಕಳಿಸಿದರು. ಇನ್ನೊಂದು ದೇಶದವರು ಕೈ ಕೂಡ ಮುಗಿಯಲಿಲ್ಲ. ಇದು ಮೂರನೆಯದು. ಇಲ್ಲಿಯೂ ತಂಡ ಸೋತು ಸುಣ್ಣವಾಗಿ ಲೀಗಿನ ತಳ ಹಿಡಿದಿತ್ತು. ಉಳಿದದ್ದು ಒಂದೇ ಪಂದ್ಯ. ಗೆದ್ದರೆ ತಂಡವೂ ಉಳಿಯುತ್ತದೆ, ಇವರ ಕೆಲಸವೂ ಉಳಿಯುತ್ತದೆ. ಸೋತರೆ ತಂಡ ಕೆಳಗಿನ ಲೀಗಿಗೆ, ನಾವು ಇವರಿಗೆ ಕೆಲಸ ಹುಡುಕಿಕೊಡುವ ಏಜೆಂಟ್ ಬೆರಳು ತೋರಿಸಿದ ಇನ್ಯಾವುದೋ ದೇಶಕ್ಕೆ. ಮತ್ತೆ ಸೂಟ್‌ಕೇಸು, ಮತ್ತೆ ಯಾರದೋ ಮನೆಯ ಯಾರದೋ ಸೋಫಾ, ಮತ್ತೆ ಅಂಗಡಿಯಲ್ಲಿ ಉಪ್ಪು ಯಾವುದು ಸಕ್ಕರೆ ಯಾವುದು ಎಂದು ಪೊಟ್ಟಣ ತಿರುಗಿಸಿ ನೋಡುವುದು. ನನಗಂತೂ ಸಾಕುಸಾಕಾಗಿತ್ತು.

ನೀವೇ ಹೋಗಿ ಪಂದ್ಯ ನೋಡಬಹುದಿತ್ತಲ್ಲ, ತಪ್ಪೆಲ್ಲಿದೆ ಎಂದು ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಅದಕ್ಕೂ ಕಲ್ಲು ಬಿದ್ದಿತ್ತು. ಸೀಸನ್ನಿನ ಮೊದಲೆರಡು ಪಂದ್ಯಕ್ಕೆ ನಾನು ಹೋಗಿದ್ದೆ, ಎರಡನ್ನೂ ಸೋತರು. ಚೆಂಡು ಕೈಯಲ್ಲಿ ನಿಂತರೆ ತಾನೇ ಏನು ಆಡುತ್ತಿದ್ದಾರೆ ಎಂದು ತಿಳಿಯುವುದು. ಮನೆಗೆ ಬಂದ ಇವರು ಶೂ ಕೂಡ ಬಿಚ್ಚದೆ ಹೇಳಿದರು, "ಇನ್ಮೇಲೆ ನೀನು ಬರ್ಬೇಡ ಕಣೇ. ತಪ್ಪು ತಿಳ್ಕೋಬೇಡ. ಆಟಗಾರರಿಗೆ ಇಂಥವೆಲ್ಲ ಇರುತ್ತೆ."

"ನಾನು ಬಂದಿದ್ದಕ್ಕೆ ಸೋತ್ರಾ?"

"ಹಾಗಂದ್ನಾ? ಬರ್ಬೇಡ ಅಂದೆ ಅಷ್ಟೆ."

ಆಮೇಲೆ ನಾನು ಹೋಗದೆಯೂ ಸಾಲುಸಾಲಾಗಿ ಸೋತರು. ಆ ಸೋಲಿಗೆಲ್ಲ ಯಾರ ಕಾಲ್ಗುಣವೋ, ಯಾರೂ ಹೇಳಲಿಲ್ಲ.

ಹೀಗೆ ತಂಡದ ಆಟ ನನಗೆ ಕಾಣುತ್ತಿದ್ದದ್ದು ಒಂದೇ ಕಡೆ, ನಮ್ಮ ಗಾಜಿನ ಬಾಗಿಲ ಮೇಲೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಕೂಡದು ಎಂದು ಮನೆಯೊಡತಿಯ ಕಟ್ಟಪ್ಪಣೆ. ಬೋರ್ಡು ತೂಗುಹಾಕಲು ಜಾಗವಿಲ್ಲದೆ ಇವರು ಹಾಲಿಗೂ ಬಾಲ್ಕನಿಗೂ ನಡುವೆ ಇದ್ದ ಗಾಜಿನ ಬಾಗಿಲ ಮೇಲೆ ಮಾರ್ಕರಿನಲ್ಲಿ ಪ್ಲೇ ಬರೆಯಲು ಶುರು ಮಾಡಿದರು. ಪ್ಲೇ ಎಂದರೆ, ಐದು ಜನರಲ್ಲಿ ಯಾರು ಎಲ್ಲಿಗೆ ಓಡಬೇಕು, ಚೆಂಡು ಯಾರಿಂದ ಯಾರಿಗೆ ಹೋಗಬೇಕು ಎಂದು ಮೊದಲೇ ಗೆರೆ ಎಳೆದು ಕಲಿಸುವುದು. ಇವರು ಅಂಕಿ ಬರೆಯುತ್ತಿರಲಿಲ್ಲ. ನಮ್ಮವರಿಗೆ ಚುಕ್ಕಿ, ಎದುರಾಳಿಗೆ ಕತ್ತರಿ ಗುರುತು, ನಡುವೆ ಬಾಣಗಳು, ಅಷ್ಟೇ. ಎಲ್ಲಾ ಪ್ಲೇಗಳ ತಾಯಿಬೇರು ಮೇಷ್ಟ್ರು ಕಲಿಸಿದ ಒಂದು ಪ್ಲೇ. ಇಬ್ಬರು ಅಡ್ಡ ನಿಂತು ಎದುರಾಳಿಯನ್ನು ತಡೆಯಬೇಕು, ಒಬ್ಬ ಅವರ ಬೆನ್ನ ಹಿಂದಿನಿಂದ ಸುತ್ತಿ ಬುಟ್ಟಿಯ ಪಕ್ಕಕ್ಕೆ ನುಗ್ಗಬೇಕು, ಮಧ್ಯದಲ್ಲಿ ನಿಂತ ಎತ್ತರದವನು ಅವನಿಗೆ ಚೆಂಡು ಕೊಡಬೇಕು, ಅವನು ಎಗರಿ ಹಾಕಬೇಕು. ನಮ್ಮ ಹುಡುಗಿಯರ ತಂಡ ಇದನ್ನು ಕಣ್ಣುಮುಚ್ಚಿ ಆಡುತ್ತಿತ್ತು.

ಇವರು ಒಳಗೆ ಬರೆಯುತ್ತಿದ್ದರು, ನಾನು ಹೊರಗೆ ಬಾಲ್ಕನಿಯಲ್ಲಿ ಜೆರ್ಸಿ ಹರವುತ್ತಿದ್ದೆ. ಬರೆದು ಮುಗಿದ ಮೇಲೆ ಗಾಜನ್ನು ಟಕಟಕ ಬಡಿದು, ಹುಬ್ಬು ಹಾರಿಸಿ ಹೇಗಿದೆ ಎಂದು ಕೇಳುತ್ತಿದ್ದರು. ಬಾಯಲ್ಲಿ ಕ್ಲಿಪ್ ಕಚ್ಚಿಕೊಂಡ ನಾನು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದೆ. ಚೆನ್ನಾಗಿಯೇ ಕಾಣುತ್ತಿತ್ತು. ನಾನು ಕಲಿತದ್ದು ಹೇಗಿತ್ತೋ ಹಾಗೇ ಇತ್ತು. ಇಷ್ಟು ಒಳ್ಳೆಯ ಪ್ಲೇ ಕೊಟ್ಟರೂ ಸೋಲುತ್ತಾರೆಂದರೆ ಆ ಆಟಗಾರರೇ ದಂಡಪಿಂಡಗಳು ಎಂದು ನಾನೂ ತೀರ್ಮಾನಿಸಿಬಿಟ್ಟಿದ್ದೆ.

ಇವರಂತೂ ಊಟಕ್ಕೆ ಕೂತರೆ ಅದೇ ರಾಮಾಯಣ. "ಕೈಗೆ ಎಣ್ಣೆ ಹಚ್ಕೊಂಡು ಬರ್ತಾವೆ ಕಣೇ. ಚೆಂಡು ಕೈಗಿಟ್ರೂ ಬೀಳಿಸ್ತಾವೆ. ಆ ಬಸ್ ಡ್ರೈವರ್ ಇದಾನಲ್ಲ, ಕ್ಯಾಪ್ಟನ್ನು, ಬುಟ್ಟಿ ಕೆಳಗೆ ಬಂದು ಸಂತೇಲಿ ಕಳೆದುಹೋದೋನ ಥರ ನಿಂತ್ಕೋತಾನೆ. ಆ ಕಂಬ ಇನ್ನೊಬ್ಬ. ಎತ್ತರ ಕೊಟ್ಟ ದೇವ್ರು ತಲೆ ಕೊಡೋದು ಮರೆತ." ಕ್ಯಾಪ್ಟನ್ನು ಹಗಲಲ್ಲಿ ಬಸ್ ಓಡಿಸುತ್ತಿದ್ದ, ಕಂಬ ಎಂಬುದು ತಂಡದ ಅತಿ ಎತ್ತರದವನಿಗೆ ಇವರೇ ಇಟ್ಟ ಹೆಸರು. ಬೈಗುಳ ಮುಗಿಯುವ ಹೊತ್ತಿಗೆ ಮಾತು ತಪ್ಪದೆ ಬೆಣ್ಣೆಗೈಗೆ ಬರುತ್ತಿತ್ತು. ಬೆಣ್ಣೆಗೈ ಇವರ ಹಳೆಯ ಜೊತೆ ಆಟಗಾರ. ಒಮ್ಮೆ ಫೈನಲ್ಲಿನಲ್ಲಿ, ಕೊನೆಯ ಕ್ಷಣದಲ್ಲಿ, ಇವರನ್ನು ಮೂವರು ಸುತ್ತಿಕೊಂಡಾಗ ಇವರು ಅವನಿಗೆ ಪಾಸ್ ಕೊಟ್ಟರು, ಅವನು ಬೀಳಿಸಿದ, ಪಂದ್ಯ ಹೋಯಿತು. ಅವತ್ತಿಂದ ಅವನ ಹೆಸರು ಬೆಣ್ಣೆಗೈ. ಎಲ್ಲಿ ನಾಲ್ಕು ಜನ ಸೇರಿದರೂ ಇವರು ಆ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳಿ ನಗಿಸುತ್ತಿದ್ದರು. ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಕೊನೆಯ ಪಂದ್ಯದ ವಾರ ಜೋರು ಗಾಳಿ ಬೀಸಿ ಬಾಲ್ಕನಿಯ ಬಟ್ಟೆ ಹಗ್ಗ ಕಿತ್ತುಹೋಯಿತು. ಹಾಳಾದ್ದು ಎಂದು ಬೈದುಕೊಳ್ಳುತ್ತಾ ಬಕೆಟ್ಟನ್ನು ಹಾಲಿಗೆ ತಂದು ಜೆರ್ಸಿಗಳನ್ನು ಕುರ್ಚಿ, ಸೋಫಾಗಳ ಮೇಲೆ ಹರವುತ್ತಿದ್ದೆ. ಇವರು ಗಾಜಿನ ಮುಂದೆ ನಿಂತು ಬರೆಯುತ್ತಿದ್ದರು. ಇವರ ಹೆಗಲ ಮೇಲಿಂದ ಕಣ್ಣು ಹಾಯಿಸಿದೆ.

"ಇದೇನ್ರೀ, ಇವತ್ತು ಉಲ್ಟಾ ಬರೆದಿದ್ದೀರ?"

"ಯಾವ ಉಲ್ಟಾ? ದಿನಾ ಬರೆಯೋದೇ ಇದು."

"ದಿನಾ ಬಲಗಡೆಯಿಂದ ನುಗ್ಗೋ ಥರ ಬರೀತೀರಲ್ಲ. ಇವತ್ತು ಎಡಗಡೆ ಇದೆ."

"ತಲೆ ಗಿಲೆ ಕೆಟ್ಟಿದೆಯಾ? ನಾನ್ಯಾವತ್ತು ಬಲಗಡೆ ಬರೆದೆ?"

ನಾನು ಕೈಯಲ್ಲಿದ್ದ ಜೆರ್ಸಿ ಬಿಸಾಕಿ ಬಾಗಿಲು ಸರಿಸಿ ಬಾಲ್ಕನಿಗೆ ಓಡಿದೆ. ಅಲ್ಲಿಂದ ನೋಡಿದರೆ ಬಲಗಡೆ. ಒಳಗೆ ಬಂದೆ, ಎಡಗಡೆ. ಮತ್ತೆ ಹೊರಗೆ ಹೋದೆ, ಮತ್ತೆ ಒಳಗೆ ಬಂದೆ. ಇವರು ಮಾರ್ಕರ್ ಹಿಡಿದುಕೊಂಡು ಬಾಯಿ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಗಾಜಿನ ಆಚೆಯಿಂದ ನೋಡಿದರೆ ಎಡ ಬಲವಾಗುತ್ತದೆ ಎಂದು ಚಿಕ್ಕ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ನಾನು ಕಲಿತ ಪ್ಲೇ ನಾನು ಕಲಿತ ಹಾಗೇ ಕಾಣುತ್ತಿದ್ದಾಗ ಅನುಮಾನ ಯಾಕೆ ಬರಬೇಕು? ಇಡೀ ಸೀಸನ್ ನಾನು ಹೆಬ್ಬೆರಳೆತ್ತಿದ್ದು ಇವರು ಬರೆಯದೇ ಇದ್ದ ಪ್ಲೇಗೆ. ನನಗೆ ಮೈಯೆಲ್ಲಾ ಉರಿದುಹೋಯಿತು.

"ನಿಮ್ಮ ಟೀಮಲ್ಲಿ ಎಡಚರು ಎಷ್ಟು ಜನ ಇದಾರೆ?"

ಇವರು ಯೋಚಿಸಿದರು. ಯೋಚಿಸಬೇಕಾಗಿ ಬಂದದ್ದೇ ನನಗೆ ಉತ್ತರವಾಗಿತ್ತು. "ಯಾರೂ ಇಲ್ಲ," ಎಂದರು ಕೊನೆಗೆ. "ಅದಕ್ಕೇನೀಗ?"

"ಅದಕ್ಕೇನೀಗ ಅಂದ್ರೆ? ಬಲಗೈಯವರನ್ನ ಎಡಗಡೆಯಿಂದ ನುಗ್ಗಿಸ್ತಿದ್ದೀರ! ಚೆಂಡನ್ನ ಬಲಗೈಗೆ ತಗೊಳ್ಳೋಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಿರ್ತಾನೆ. ಅವ್ರು ಬೀಳಿಸದೆ ಇನ್ನೇನು ಮಾಡ್ತಾರೆ ಪಾಪ?"

"ನಮ್ಮ ಟೀಮಲ್ಲೂ ಎಲ್ಲಾ ಬಲಗೈಯವ್ರೇ ಇದ್ರು. ಇದೇ ಪ್ಲೇ ಆಡ್ಲಿಲ್ವಾ? ಕಪ್ ಗೆಲ್ಲಲಿಲ್ವಾ?"

"ಕೊನೇಲಿ ಚೆಂಡು ಹಾಕ್ತಿದ್ದೋರು ಯಾರು?"

"ನಾನು."

ಅಂದವರೇ ಮಾರ್ಕರಿನ ಮುಚ್ಚಳ ಹಾಕಿದರು. ಆದರೆ ಸೋಲೊಪ್ಪಿಕೊಳ್ಳುವ ಜಾಯಮಾನವೇ ಅಲ್ಲ. ಮುಚ್ಚಳ ತೆಗೆದು ಮತ್ತೆ ಶುರು ಮಾಡಿದರು. ಮೇಷ್ಟ್ರು ಕಲಿಸಿದ್ದೇ ಹೀಗೆ, ಮೇಷ್ಟ್ರಿಗಿಂತ ನೀನು ಹೆಚ್ಚಾ, ಹಾಗೆ ಹೀಗೆ. ನಮಗೆ ಮೇಷ್ಟ್ರು ಇದನ್ನೇ ಬಲಗಡೆ ಕಲಿಸಿದ್ದರು ಎಂದೆ. ಆಗ ಇವರು ಹೇಳಿದ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ.

"ನಿಮ್ದು ಹುಡುಗೀರ ಟೀಮು ಕಣೇ. ನಿಮಗೆ ಅಂತ ಸುಲಭ ಮಾಡಿ ಹೇಳಿಕೊಟ್ಟಿರ್ತಾರೆ."

ನಾನು ಫೋನ್ ಎತ್ತಿ ಮೇಷ್ಟ್ರಿಗೆ ಹಚ್ಚಿದೆ. ಬೇಡ ಬೇಡ ಎಂದು ಇವರು ಕೈ ಆಡಿಸಿದರು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ಲೋ ಎಡಚ, ಇದೀಯೇನೋ ಇನ್ನೂ?" ಮೇಷ್ಟ್ರ ದನಿ ನಡುಗುತ್ತಿದ್ದರೂ ಗತ್ತು ಹಾಗೇ ಇತ್ತು. ನಾನೇ ವಿಷಯ ಹೇಳಿದೆ. ಮೇಷ್ಟ್ರು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ, ಕೊನೆಗೆ ಕೆಮ್ಮು ಬಂದು ನಿಂತಿತು.

"ಅಯ್ಯೋ ನಿನ್ನ! ನಿನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ವಾ? ಆ ಪ್ಲೇ ಮೊದಲಿಂದ್ಲೂ ಬಲಗಡೇದೇ ಕಣೋ. ನೀನು ಸೇರಿದ ಮೇಲೆ ನಿನ್ನ ಕೈ ನೋಡಿ ಪೂರ್ತಿ ಬೋರ್ಡನ್ನೇ ತಿರುಗಿಸಿದೆ. ಉಳಿದ ನಾಲ್ಕು ಜನ ಒಂದು ಸೀಸನ್ ಪೂರ್ತಿ ಒದ್ದಾಡಿದ್ರು. ಆ ಬೆಣ್ಣೆಗೈ ಬಂದು ಗಲಾಟೆನೂ ಮಾಡ್ದ, ಸರ್ ನಂಗೆ ಎಡಗಡೆ ಚೆಂಡು ಬಂದ್ರೆ ಹಿಡಿಯೋಕಾಗಲ್ಲ ಅಂತ. ಹಿಡಿಯೋದು ಕಲಿ, ಹಾಕೋನು ಅವನೇ ಅಂದೆ. ಪಾಪ, ಕಲಿತ."

"ನನಗೆ ಯಾಕೆ ಹೇಳ್ಲಿಲ್ಲ ಸರ್?" ಇವರ ದನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗಿತ್ತು.

"ಹೇಳಿದ್ರೆ ನೀನು ಯೋಚನೆ ಮಾಡೋಕೆ ಶುರು ಮಾಡ್ತಿದ್ದೆ. ಯೋಚನೆ ಮಾಡಿದ್ರೆ ನಿನಗೆ ಆಟ ಬರ್ತಿರಲಿಲ್ಲ." ಆಮೇಲೆ ದನಿ ಬದಲಾಯಿಸಿ, "ಏನಮ್ಮಾ, ಅವನ ಹಿಂದೆ ಊರೂರು ಸುತ್ತಿದ್ದು ಸಾಕಾಗ್ಲಿಲ್ವಾ? ನಿನ್ನ ಹುಡುಗೀರ ಟೀಮಿಗೆ ಇನ್ನೂ ಒಬ್ರು ನೆಟ್ಟಗೆ ಸಿಕ್ಕಿಲ್ಲ. ನಿನ್ನ ಸೀಟಿ ನನ್ನ ಡ್ರಾಯರಲ್ಲೇ ಬಿದ್ದಿದೆ," ಎಂದರು.

ಇನ್ನೊಮ್ಮೆ ಮಾಡುತ್ತೇನೆ ಸರ್ ಎಂದು ಫೋನ್ ಇಟ್ಟೆ. ಇವರು ಕೇಳಿಸಿಕೊಂಡರೋ ಇಲ್ಲವೋ, ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಒಳಗೇ ಇದ್ದರು.

ಮಾರನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಗಾಜಿನ ತುಂಬಾ ಗೀಚಿ ಅಳಿಸಿದ ಕಲೆ. ಇವರು ಮಾರ್ಕರನ್ನು ಒಮ್ಮೆ ಆ ಕೈಗೆ, ಒಮ್ಮೆ ಈ ಕೈಗೆ ತೆಗೆದುಕೊಳ್ಳುತ್ತಾ ಪ್ಲೇಯನ್ನು ತಿರುಗಿಸಿ ಬರೆಯಲು ಹೆಣಗುತ್ತಿದ್ದರು. ಅರ್ಧದವರೆಗೆ ಬಲಕ್ಕೆ ಹೋದ ಬಾಣ ಕೊನೆಯಲ್ಲಿ ತಾನಾಗಿಯೇ ಎಡಕ್ಕೆ ಬಾಗುತ್ತಿತ್ತು.

"ಕೈ ಮಾತು ಕೇಳ್ತಿಲ್ಲ ಕಣೇ," ಎಂದರು. ಇವರು ಸೋತ ಮುಖ ನಾನು ಎಷ್ಟೋ ನೋಡಿದ್ದೇನೆ. ಆದರೆ ಬೈಯಲು ಎದುರಿಗೆ ಯಾರೂ ಇಲ್ಲದೆ ನಿಂತದ್ದನ್ನು ನೋಡಿದ್ದು ಅದೇ ಮೊದಲು. ಸಿಟ್ಟಿನಲ್ಲೂ ಹೋಗಿ ಗಾಜಿನ ಮೇಲಿನ ಕಲೆಯನ್ನು ಸೆರಗಿನಲ್ಲಿ ಒರೆಸಿಕೊಟ್ಟೆ.

"ತಿರುಗಿಸಿ ಬರೆಯೋದೇನೂ ಬೇಡ. ಇದುವರೆಗೂ ಹೇಗೆ ಬರೀತಿದ್ರೋ ಹಾಗೇ ಬರೀರಿ. ಅವರನ್ನ ಮನೆಗೆ ಕರೀರಿ. ನಾನು ಎಲ್ಲಿ ನಿಂತು ನೋಡ್ತಿದ್ನೋ ಅಲ್ಲೇ ನಿಂತು ಅವ್ರೂ ನೋಡ್ಲಿ."

ಸಂಜೆ ಪ್ರಾಕ್ಟೀಸಿಗೆ ಮೊದಲು ತಂಡ ನಮ್ಮ ಮನೆಗೆ ಬಂತು. ಮೆಟ್ಟಿಲ ಮೇಲೆ ಆನೆ ಹಿಂಡು ಹತ್ತಿದ ಸದ್ದಿಗೆ ಕೆಳಗಿನ ಮನೆಯವಳು ಬಾಗಿಲು ತೆರೆದು ನೋಡಿದಳು. ಒಬ್ಬೊಬ್ಬರೂ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು. ನಾನು ಅವರನ್ನೆಲ್ಲ ಬಾಲ್ಕನಿಗೆ ತುಂಬಿದೆ. ಹೊಸ ಹಗ್ಗದ ಮೇಲೆ ಅವರದೇ ಜೆರ್ಸಿಗಳು ನೇತಾಡುತ್ತಿದ್ದವು. ಕಂಬನ ಮುಖದ ಮೇಲೆ ಒದ್ದೆ ತೋಳೊಂದು ಬಿತ್ತು, ಅವನು ಅದನ್ನು ಮರ್ಯಾದೆಯಿಂದ ಪಕ್ಕಕ್ಕೆ ಸರಿಸಿದ. ಇವರು ಒಳಗಿನಿಂದ ಬಾಗಿಲು ಮುಚ್ಚಿ, ಎಂದಿನಂತೆ ಎಡಗೈಯಲ್ಲಿ ಬರೆಯತೊಡಗಿದರು. ಚುಕ್ಕಿ, ಕತ್ತರಿ, ಬಾಣ.

ಮೊದಲು ಕೈ ಆಡಿದ್ದು ಬಸ್ ಡ್ರೈವರನದು. ಗಾಜಿನ ಮೇಲಿನ ಬಾಣದ ಜೊತೆಗೇ ಅವನ ಬಲಗೈ ಇಲ್ಲದ ಚೆಂಡನ್ನು ಒಂದೆರಡು ಸಲ ಪುಟಿಸಿ ಮೇಲಕ್ಕೆ ಎತ್ತಿತು. ಆಮೇಲೆ ಕಂಬನದು. ಆಮೇಲೆ ಎಲ್ಲರದೂ. ಅಷ್ಟು ಇಕ್ಕಟ್ಟಿನಲ್ಲಿ, ಒದ್ದೆ ಬಟ್ಟೆಗಳ ನಡುವೆ, ಅಷ್ಟು ಜನ ಗಂಡಸರು ಯಾರೂ ಹೇಳದೆ ಗಾಳಿಯಲ್ಲಿ ಬಲಗೈ ಆಡಿಸುತ್ತಾ ನಿಂತಿದ್ದರು. ಗಾಜಿನೊಳಗಿನಿಂದ ಇವರು ಅದನ್ನು ನೋಡಿದರು. ಮಾರ್ಕರ್ ಹಿಡಿದ ಕೈ ಅಲ್ಲೇ ನಿಂತಿತು.

ಬಾಗಿಲು ತೆರೆದ ಮೇಲೆ ಬಸ್ ಡ್ರೈವರ್, ನಮಗೂ ಅವರಿಗೂ ಅರೆಬರೆ ಬರುವ ಭಾಷೆಯಲ್ಲಿ ಹೇಳಿದ್ದರ ಅರ್ಥ ಇಷ್ಟು, "ಕೋಚ್, ನಮಗೆ ಮೊದಲನೇ ದಿನವೇ ಇದು ಉಲ್ಟಾ ಅನ್ನಿಸ್ತು. ಆದ್ರೆ ನೀವು ಅಷ್ಟು ದೊಡ್ಡ ಆಟಗಾರ. ಎದುರಾಳಿಗೆ ಗೊಂದಲ ಮಾಡೋಕೆ ಬೇಕಂತಲೇ ಹೀಗೆ ಮಾಡ್ತೀರ ಅಂದ್ಕೊಂಡ್ವಿ. ಅದೂ ಅಲ್ದೆ, ನನ್ನ ಹೆಂಡತಿನೂ ಆಟಗಾರ್ತಿ, ಅವಳೂ ಸರಿ ಅಂದಿದಾಳೆ ಅಂತ ನೀವೇ ಹೇಳ್ತಿದ್ರಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲರಿಗೂ ಕಾಫಿ ಮಾಡಿಕೊಟ್ಟೆ.

ಪಂದ್ಯಕ್ಕೆ ನಾನು ಹೋದೆ. ಬರಬೇಡ ಎನ್ನಲು ಇವರಿಗೆ ಬಾಯಿ ಇರಲಿಲ್ಲ. ಬೆಂಚಿನ ಹಿಂದೆಯೇ ಕೂತೆ. ಹೊಸದಾಗಿ ಕಲಿತ ಬಲಗಡೆಯ ಪ್ಲೇಗೆ ತಂಡದವರೇ ಬಾಲ್ಕನಿ ಎಂದು ಹೆಸರಿಟ್ಟಿದ್ದರು. ಇವರು ಗೆರೆಯ ಹೊರಗೆ ನಿಂತು ಬಾಲ್ಕನಿ ಬಾಲ್ಕನಿ ಎಂದು ಕೂಗುವುದು, ಅವರು ಬಲಕ್ಕೆ ಸುತ್ತಿ ನುಗ್ಗುವುದು. ಮೊದಲರ್ಧದಲ್ಲಿ ಎದುರಾಳಿಗಳಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಬಸ್ ಡ್ರೈವರ್ ಒಂದರ ಮೇಲೊಂದು ಹಾಕಿದ. ಕಂಬ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ಈ ತಂಡವನ್ನೇ ದಂಡಪಿಂಡ ಎಂದಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಮನಸ್ಸಿನಲ್ಲಿ ಸೂಟ್‌ಕೇಸನ್ನು ಎತ್ತಿ ಅಟ್ಟಕ್ಕೆ ಹಾಕಿಬಿಟ್ಟೆ.

ಆಮೇಲೆ ದಣಿವು ಶುರುವಾಯಿತು. ಹಗಲೆಲ್ಲ ಕೆಲಸ ಮಾಡಿ ಸಂಜೆ ಆಡುವವರು ಅವರು. ದಣಿದವರ ಕಾಲು ಹಳೆಯ ದಾರಿ ಹಿಡಿಯುತ್ತದೆ. ಒಬ್ಬ ಎಡಕ್ಕೆ ಹೋದ, ಚೆಂಡು ಹೋಯಿತು. ಇನ್ನೊಬ್ಬ ಹೋದ, ಮತ್ತೆ ಹೋಯಿತು. ನಾನು ಕೂತಲ್ಲೇ "ಬಲಕ್ಕೆ! ಬಲಕ್ಕೆ!" ಎಂದು ಗಂಟಲು ಹರಿದುಕೊಂಡೆ, ಯಾರಿಗೆ ಕೇಳಬೇಕು ಆ ಗದ್ದಲದಲ್ಲಿ. ಎದುರಾಳಿಗಳು ಹತ್ತಿರ ಬಂದರು, ಸಮ ಮಾಡಿದರು, ಒಂದು ಅಂಕ ಮುಂದೆಯೂ ಹೋದರು. ಕೊನೆಯ ಚೆಂಡು ನಮ್ಮದು. ಇವರು ಟೈಮ್‌ಔಟ್ ಕೇಳಿದರು. ತಂಡ ಸುತ್ತ ಬಗ್ಗಿ ನಿಂತಿತು. ಇವರು ಬೋರ್ಡಿಗೆ ಕೈ ಹಾಕಲಿಲ್ಲ. "ಬಾಲ್ಕನಿ," ಎಂದಷ್ಟೇ ಹೇಳಿ ಬಸ್ ಡ್ರೈವರನ ಬಲಗೈ ಹಿಡಿದು ಅಲುಗಾಡಿಸಿದರು. ಅವನು ತಲೆಯಾಡಿಸಿದ.

ಚೆಂಡು ಕಂಬನ ಕೈಗೆ ಬಂತು. ಇಬ್ಬರು ಅಡ್ಡ ನಿಂತರು. ಕಂಬ, ಇವರು ಹೇಳಿಕೊಟ್ಟ ಹಾಗೇ, ಅಚ್ಚುಕಟ್ಟಾಗಿ, ಬಲಗಡೆಗೆ ಚೆಂಡು ಎಸೆದ. ಅಲ್ಲಿ ಯಾರೂ ಇರಲಿಲ್ಲ. ಬಸ್ ಡ್ರೈವರ್ ಬುಟ್ಟಿಯ ಎಡಗಡೆಯಲ್ಲಿ ಎರಡೂ ಕೈ ಚಾಚಿಕೊಂಡು ನಿಂತಿದ್ದ. ಚೆಂಡು ಗೆರೆ ದಾಟಿ, ಜಾಹೀರಾತು ಹಲಗೆಗೆ ಬಡಿದು ಕುರ್ಚಿಗಳ ಕೆಳಗೆ ಉರುಳಿತು. ಭೋಂ ಎಂದು ಪಂದ್ಯ ಮುಗಿದ ಸದ್ದಾಯಿತು.

ಬಸ್ ಡ್ರೈವರ್ ಅಲ್ಲೇ ಕುಕ್ಕರಿಸಿದ. ಇವರು ಕುಂಟುತ್ತಾ ಅವನ ಹತ್ತಿರ ಹೋದರು. ಸರಿ, ಮಂಗಳಾರತಿ ಶುರುವಾಯಿತು ಎಂದುಕೊಂಡು ನಾನೂ ಎದ್ದು ಹತ್ತಿರ ಹೋದೆ.

"ಕೋಚ್," ಎಂದ ಅವನು ಮುಖವೆತ್ತದೆ, "ತಲೆ ಬಲಕ್ಕೆ ಅಂತು. ಕಾಲು ಎಡಕ್ಕೆ ಹೋಯ್ತು."

"ಗೊತ್ತು. ಆ ಕಾಲಿಗೆ ಕಲಿಸಿದ್ದು ನಾನೇ," ಎಂದರು ಇವರು. "ಏಳು."

ಎರಡು ದಿನಕ್ಕೆ ಮ್ಯಾನೇಜರು ಬಂದು ಇವರ ಕೆಲಸ ಮುಗಿದ ವಿಷಯ ಹೇಳಿ, ಮನೆ ಬಿಡುವ ಮೊದಲು ಗಾಜು ಒರೆಸಿಕೊಡಬೇಕಂತೆ ಎಂದು ಮನೆಯೊಡತಿಯ ಮಾತನ್ನೂ ತಲುಪಿಸಿದ. ಜೆರ್ಸಿಗಳನ್ನು ಒಗೆದು ಒಪ್ಪಿಸಿಬಿಡಿ ಎಂದು ಬಾಗಿಲಲ್ಲಿ ನಿಂತು ನೆನಪಿಸಿದ. ಅವನ ಮುಖಕ್ಕೆ ಬಕೆಟ್ಟಿನ ನೀರು ಎರಚುವಷ್ಟು ಸಿಟ್ಟು ಬಂತು. ಆದರೆ ಆ ಹುಡುಗರ ಬಟ್ಟೆ, ಕೊಳಕಾಗಿ ಕೊಡಲು ಮನಸ್ಸಾಗಲಿಲ್ಲ. ಹಾಲಿನಲ್ಲಿ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು, ಅದರ ಪಕ್ಕ ಕೂತು ಜೆರ್ಸಿ ಹಿಂಡತೊಡಗಿದೆ. ಏಜೆಂಟನ ಫೋನು ಬೆಳಗ್ಗೆಯೇ ಬಂದಿತ್ತು. ಹೊಸ ದೇಶ, ಹೊಸ ಕ್ಲಬ್ಬು, ಮಧ್ಯಾಹ್ನದೊಳಗೆ ಹೂಂ ಅನ್ನಬೇಕು. ಇಂಥ ಫೋನು ಬಂದಾಗೆಲ್ಲ ಇವರು ಅಲ್ಲೇ ಹೂಂ ಅಂದು, ಆಮೇಲೆ ನನಗೆ ತಿಳಿಸುವುದು ವಾಡಿಕೆ. ಈ ಸಲ ಯಾಕೋ ಆಮೇಲೆ ಹೇಳುತ್ತೇನೆ ಅಂದಿದ್ದರು.

ಇವರು ಫೋನ್ ಹಿಡಿದು ಬಾಲ್ಕನಿಗೆ ಹೋದರು. ಬಾಗಿಲು ಅರ್ಧ ತೆರೆದೇ ಇತ್ತು. ಯಾರಿಗೆ ಮಾಡಿದರೆಂದು ಮೊದಲ ಮಾತಿಗೇ ತಿಳಿಯಿತು.

"ಲೋ, ನೀನು ಬಲಗೈಯವನು ಅಲ್ವೇನೋ?"

ಆ ಕಡೆಯಿಂದ ಬೆಣ್ಣೆಗೈ ಏನೋ ಹೇಳಿದ. ಇವರು ಗೋಡೆಗೆ ಒರಗಿದರು.

"ಆ ಫೈನಲ್ ಪಾಸು... ನಿನ್ನ ಎಡಗೈಗೆ ಕೊಟ್ಟೆ ಕಣೋ. ನನಗೆ ಬೇಕಾದ ಕಡೆ ಕೊಟ್ಟೆ. ನೀನು ಯಾಕೋ ಒಂದು ದಿನಾನೂ ಬಾಯಿ ಬಿಡ್ಲಿಲ್ಲ? ಊರೆಲ್ಲಾ ನಿನ್ನ ಆಡ್ಕೊಂಡೆನಲ್ಲೋ."

ಮತ್ತೆ ಬಹಳ ಹೊತ್ತು ಆ ಕಡೆಯವನದೇ ಮಾತು. ಇವರು ಹೂಂ, ಹೂಂ ಎನ್ನುತ್ತಾ ಮೂಗು ಒರೆಸಿಕೊಂಡರು. ಒಳಗೆ ಬಂದು ಸೂಟ್‌ಕೇಸಿನ ಅಂಚಿನ ಮೇಲೆ ಕೂತರು.

"ಏನಂದ?"

"ಈಗ ಗೊತ್ತಾಯ್ತಾ ಅಂತ ನಕ್ಕ. ಅವನ ಮಗಳೂ ಅವನನ್ನ ಬೆಣ್ಣೆಗೈ ಅಂತಲೇ ರೇಗಿಸ್ತಾಳಂತೆ." ನೆಲ ನೋಡುತ್ತಾ ಹೇಳಿದರು, "ನಾಲ್ಕು ಜನ ಕಣೇ. ನನ್ನೊಬ್ಬನಿಗೋಸ್ಕರ ನಾಲ್ಕು ಜನ ಅಷ್ಟು ವರ್ಷ ತಮಗೆ ಬಾರದ ಕಡೆ ಓಡಿದ್ರು. ನಾನು ಗೆಲ್ಲಿಸ್ತಿದೀನಿ ಅಂದ್ಕೊಂಡೇ ಬದುಕಿಬಿಟ್ಟೆ."

"ನಾಲ್ಕಲ್ಲ ಕಣ್ರೀ. ಐದು."

ಇವರು ತಲೆ ಎತ್ತಿದರು. ಐದನೆಯವರು ಯಾರು ಎಂದು ಕೇಳಲು ಬಾಯಿ ತೆರೆದರು. ನನ್ನ ಕೈಯಲ್ಲಿದ್ದ ಒದ್ದೆ ಜೆರ್ಸಿಯನ್ನು ನೋಡಿದರು, ಬಾಯಿ ಮುಚ್ಚಿದರು. ನಾನು ಇನ್ನೊಂದು ಮಾತು ಸೇರಿಸಲು ಹೋಗಿದ್ದರೆ ಅತ್ತುಬಿಡುತ್ತಿದ್ದೆ, ಇಲ್ಲ ಜೆರ್ಸಿಯಲ್ಲೇ ಬಾರಿಸುತ್ತಿದ್ದೆ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಏಜೆಂಟ್. ಇವರು ಅದನ್ನು ಎತ್ತಿಕೊಂಡು, ನೋಡಿ, ನನ್ನ ಕಡೆ ಚಾಚಿದರು.

"ನೀನೇ ಮಾತಾಡು."

"ಏನಂತ?"

"ನಿಂಗೇನು ಬೇಕೋ ಅದು."

ಕೈಯನ್ನು ಸೀರೆಗೆ ಒರೆಸಿಕೊಂಡು ಫೋನ್ ತೆಗೆದುಕೊಂಡೆ. ಏಜೆಂಟ್ ಹೊಸ ಕ್ಲಬ್ಬಿನ ಗುಣಗಾನ ಶುರು ಮಾಡಿದ. ಅವನು ಉಸಿರು ತೆಗೆದುಕೊಳ್ಳುವುದನ್ನೇ ಕಾದಿದ್ದು ಹೇಳಿದೆ, "ಇಲ್ಲಪ್ಪ, ಈ ಸಲ ಅವ್ರು ಬರಲ್ಲ. ನಮ್ಮೂರಲ್ಲಿ ನನಗೆ ಕೆಲಸ ಇದೆ. ಕೋಚ್ ಕೆಲಸ."

ಫೋನ್ ಇಟ್ಟೆ. ಇವರು ಚಿಕ್ಕ ಹುಡುಗರ ಹಾಗೆ ಕೇಳಿದರು, "ಮತ್ತೆ ನಾನು?"

"ಹುಡುಗೀರ ಜೆರ್ಸಿ ಯಾರಾದ್ರೂ ಒಗೀಬೇಕಲ್ರೀ," ಎಂದು ಬಕೆಟ್ಟನ್ನು ಇವರ ಕಡೆ ತಳ್ಳಿದೆ.

ಇವರು ಬಕೆಟ್ಟನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅಂಗಿಯ ತೋಳು ಮಡಚಿ ಅದರೊಳಗೆ ಕೈ ಹಾಕಿದರು.